ಹದಿನೈದನೆಯ ಹಾಳೆ

ನಮ್ಮ ಮನೆಯಲ್ಲಿ ರೊಟ್ಟಿ ಎಣಿಸದೆ ಯಾರೂ ಊಟಕ್ಕೆ ಕೂರುವಂತಿರಲಿಲ್ಲ. ಕೇಳಿದವರು ಬಡತನ ಎಂದುಕೊಂಡಾರು. ಬಡತನವಲ್ಲ, ಅದು ಕಮಲತ್ತಿಯ ಚಟ. ಕಮಲತ್ತಿ ಎಂದರೆ ಅಪ್ಪನ ಕಿರಿಯ ತಂಗಿ, ನನ್ನ ಸೋದರತ್ತೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಬೈಲಹೊಂಗಲದ ಆ ಮನೆಯ ಹಿಂದಿನ ಅಡುಗೆಕೋಣೆಯಲ್ಲಿ, ಹೊಗೆ ಹಿಡಿದ ಗೋಡೆಯ ಪಕ್ಕ ಕೂತು ಬೆಳಗಿನ ರೊಟ್ಟಿ ಬಡಿಯುವುದು ಅವಳ ಪಾಲಿನ ಕೆಲಸ. ಕಡೆಯ ರೊಟ್ಟಿ ಬುಟ್ಟಿಗೆ ಬಿದ್ದದ್ದೇ ತಡ, ಎಲ್ಲವನ್ನೂ ಎಣಿಸಿ, ಇವತ್ತು ಇಪ್ಪತ್ತುಮೂರು, ಇದು ಮುರಿಯುವುದಿಲ್ಲ ಎಂದು ತೀರ್ಪು ಕೊಡುತ್ತಿದ್ದಳು. ಸಮ ಸಮ ಥರಗಳಾಗಿ ಜೋಡಿಸಲು ಬರುವುದಿಲ್ಲ ಎಂದು ಅದರ ಅರ್ಥ. ಮರುದಿನ ಇಪ್ಪತ್ತುನಾಲ್ಕಾದರೆ ಅವಳಿಗೆ ಅದರಲ್ಲಿ ರುಚಿಯೇ ಇಲ್ಲ. ಎರಡರಂತೆ, ಮೂರರಂತೆ, ನಾಲ್ಕರಂತೆ, ಆರರಂತೆ ಹೇಗೆ ಬೇಕಾದರೂ ಹೊಂದಿಕೊಳ್ಳುವ ಸಂಖ್ಯೆ ಎಂದರೆ ಎಲ್ಲರ ಮಾತಿಗೂ ಹೂಂ ಅನ್ನುವ ಮನುಷ್ಯರ ಹಾಗೆ ಎಂದು ಅವಳ ಅಂಬೋಣ. ಮುರಿಯಲಾರದ ರೊಟ್ಟಿಯನ್ನು ತಿನ್ನುವುದು ಹೇಗೆ ತಾಯಿ ಎಂದು ಅವ್ವ ಒಲೆಯ ಮುಂದಿನಿಂದಲೇ ಕುಟುಕುತ್ತಿದ್ದಳು.

ಶಾಲೆಯ ಪುಸ್ತಕದಲ್ಲಿ ಅದಕ್ಕೆ ಅವಿಭಾಜ್ಯ ಸಂಖ್ಯೆ ಎಂಬ ದೊಡ್ಡ ಹೆಸರಿತ್ತು. ನಾನು ಅದನ್ನು ಕಲಿತದ್ದು ಮಾತ್ರ ಕಾಳಿನ ಕೋಣೆಯ ನೆಲದ ಮೇಲೆ. ಜೋಳದ ಚೀಲಗಳ ನಡುವೆ ಒಂದು ಚಾಪೆಯಷ್ಟು ಜಾಗವಿತ್ತು. ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಮೇಲೆ ಅತ್ತಿ ನನ್ನನ್ನು ಅಲ್ಲಿ ಕೂರಿಸಿಕೊಂಡು ಶೇಂಗಾಬೀಜ ಸಾಲು ಹಚ್ಚಿಸುತ್ತಿದ್ದಳು. ಹನ್ನೆರಡು ಬೀಜ ಕೊಟ್ಟರೆ ನಾಲ್ಕು ನಾಲ್ಕರ ಮೂರು ಸಾಲು. ಮೂರು ಮೂರರ ನಾಲ್ಕು ಸಾಲೂ ಬರುತ್ತದೆ ಎಂದು ನಾನು ಬೀಗಿದರೆ, ನನ್ನ ರಟ್ಟೆ ಹಿಡಿದು ಎಬ್ಬಿಸಿ ಪಕ್ಕದಲ್ಲಿ ಕೂರಿಸಿ, ಈಗ ನೋಡು, ಅದೇ ಸಾಲು, ಕೂತ ಜಾಗ ಬೇರೆ ಅಷ್ಟೆ ಎನ್ನುತ್ತಿದ್ದಳು. ಆದ್ದರಿಂದ ಒಂದು ಸಂಖ್ಯೆ ಮುರಿಯುತ್ತದೋ ಇಲ್ಲವೋ ನೋಡಲು ಕೊನೆಯವರೆಗೂ ಹೋಗಬೇಕಿಲ್ಲ, ಸಾಲುಗಳ ಎಣಿಕೆಯೂ ಸಾಲಿನ ಉದ್ದವೂ ಸಮವಾಗುವಲ್ಲಿಗೆ ನಿಂತರೆ ಸಾಕು. ಆಮೇಲೆ ಬರುವುದೆಲ್ಲ ನೋಡಿದ್ದನ್ನೇ ಪಕ್ಕದಿಂದ ನೋಡಿದಂತೆ. ಹದಿಮೂರು ಬೀಜ ಕೊಟ್ಟರೆ ಎಷ್ಟು ಒದ್ದಾಡಿದರೂ ಒಂದು ಬೀಜ ಅನಾಥವಾಗಿ ಉಳಿಯುತ್ತಿತ್ತು. ಕೊನೆಗೆ ಅದನ್ನು ನಾನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಒಂದು ಎಂಬುದು ಮುರಿಯದ ಸಂಖ್ಯೆಯೋ ಅಲ್ಲವೋ ಎಂದು ಒಮ್ಮೆ ಜಗಳ ತೆಗೆದೆ. ಒಂದನ್ನೂ ಮುರಿಯಲು ಬರುವುದಿಲ್ಲ ಎಂದು ನನ್ನ ವಾದ. ಅಷ್ಟರಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಗಿರಣಿಗೆ ಕಳಿಸಲು ಜೋಳ ಅಳೆಯಲು ಬಂದಳು. ಮೊದಲ ಸೇರು ಸುರಿಯುವಾಗ ಒಂದು ಎನ್ನದೆ, ನಮ್ಮ ಕಡೆಯ ರೂಢಿಯಂತೆ ಲಾಭ ಎಂದಳು. ಆಮೇಲೆ ಎರಡು, ಮೂರು. ಅತ್ತಿ ಆಯಿಯ ಕಡೆ ಬೊಟ್ಟು ಮಾಡಿ, ತಿಳಿಯಿತೇನು, ಒಂದಕ್ಕೆ ಬೇರೆಯೇ ಹೆಸರು, ಅದು ಈ ಗುಂಪಿಗೂ ಸೇರುವುದಿಲ್ಲ ಆ ಗುಂಪಿಗೂ ಸೇರುವುದಿಲ್ಲ ಎಂದು ನಕ್ಕಳು. ಈ ಮುರಿಯದ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಎಂದು ಅವಳು ತೋರಿಸಿಕೊಟ್ಟದ್ದೂ ಅದೇ ಚಾಪೆಯ ಮೇಲೆ. ಇಷ್ಟೇ ಇರುವುದು ಎಂದು ಯಾರಾದರೂ ಪಟ್ಟಿ ಕೊಟ್ಟರೆ, ಅವನ್ನೆಲ್ಲ ಗುಣಿಸಿ ಒಂದು ಕೂಡಿಸು. ಪಟ್ಟಿಯಲ್ಲಿರುವ ಯಾವುದರಿಂದ ಭಾಗಿಸಿದರೂ ಒಂದು ಉಳಿದೇ ಉಳಿಯುತ್ತದೆ. ಹಾಗಾದರೆ ಪಟ್ಟಿಗೆ ಸೇರದ ಇನ್ನೊಂದು ಎಲ್ಲೋ ಇರಲೇಬೇಕು. ಇದನ್ನು ಹೇಳುವಾಗ ಅವಳ ಮುಖ ಹಬ್ಬದ ದಿನದ ಮುಖದಂತಿರುತ್ತಿತ್ತು. ಆ ಮುಖ ನೋಡಲೆಂದೇ ನಾನು ತಿಳಿದದ್ದನ್ನೂ ಮತ್ತೊಮ್ಮೆ ಕೇಳುತ್ತಿದ್ದೆ.

ಅವಳಿಗೆ ಬಿಎಸ್ಸಿ ಓದಬೇಕೆಂಬ ಆಸೆ. ಅಪ್ಪನಿಗೆ ಯರಗಟ್ಟಿಯಿಂದ ಬಂದ ಸಂಬಂಧವನ್ನು ಒಪ್ಪಿಕೊಳ್ಳುವ ಅವಸರ. ಅಪ್ಪನಿಗೆ ಮಾರುಕಟ್ಟೆ ಅಂಗಳದಲ್ಲಿ ದಲಾಲಿ ಅಂಗಡಿಯಿತ್ತು. ಆಡಿದ ಮಾತು ತಪ್ಪುವವನಲ್ಲ ಎಂದು ಹೆಸರು. ಆ ಹೆಸರಿನ ಬಗ್ಗೆ ಅವನಿಗೆ ಸಾಕಷ್ಟು ಜಂಬವೂ ಇತ್ತು. ತೂಕ ಹೆಚ್ಚು ತೋರಿಸಲು ತಕ್ಕಡಿಗೆ ಬೆರಳು ಒತ್ತಿದ ಆಳೊಬ್ಬನನ್ನು, ಎಷ್ಟು ಜನ ಬೇಡಿಕೊಂಡರೂ ಮತ್ತೆ ಅಂಗಡಿ ಹತ್ತಿಸಲಿಲ್ಲ. ತಪ್ಪು ಮಾಡಿದವನಿಗೆ ಅವನಲ್ಲಿ ಕ್ಷಮೆಯಿತ್ತು, ಸುಳ್ಳು ಹೇಳಿದವನಿಗೆ ಇರಲಿಲ್ಲ. ಆ ಜೂನ್ ತಿಂಗಳ ಮೊದಲಿಗೆ ನಮ್ಮ ಓಣಿಯಲ್ಲೇ ಬಾಡಿಗೆಗಿದ್ದ ಕಾಲೇಜಿನ ಗಣಿತದ ಸರ್ ಹೋಳಿಗೆ ಊಟಕ್ಕೆ ಬಂದಿದ್ದರು. ಪಿಯುಸಿಯಲ್ಲಿ ಕಮಲತ್ತಿಗೆ ಕಲಿಸಿದವರು ಅವರೇ. ಇಂಥ ತಲೆಯನ್ನು ರೊಟ್ಟಿ ಬಡಿಯಲು ಬಿಡಬಾರದು ಎಂದು ಅವರು, ಹೆಂಗಸರ ಲೆಕ್ಕ ಸೇರು ಪಾವಿನಾಚೆ ಹೋಗುವುದಿಲ್ಲ ಎಂದು ಅಪ್ಪ. ಮಾತಿಗೆ ಮಾತು ಬೆಳೆದು ಪಂಥವಾಯಿತು. ಸರ್ ಒಂದು ದೊಡ್ಡ ಸಂಖ್ಯೆ ಕೊಡುವುದು, ಅದು ಮುರಿಯುತ್ತದೋ ಇಲ್ಲವೋ ಎಂದು ಅತ್ತಿ ತಿಂಗಳೊಳಗೆ ಹೇಳುವುದು. ಅಪ್ಪ ಕೈ ತೊಳೆಯದೆ ತಾಟಿನ ಮುಂದೆಯೇ ಮಾತು ಕೊಟ್ಟ.

“ಸರಿ ಹೇಳಿದ್ಲಂದ್ರ ಕಾಲೇಜಿನ ಅರ್ಜಿಗೆ ಸಹಿ ಮಾಡತೇನ್ರಿ. ತಪ್ಪಿದ್ಲಂದ್ರ ಯರಗಟ್ಟಿ ಮಂದಿಗೆ ಹೂಂ ಅಂತೇನಿ. ಆದ್ರ ಇದರಾಗ ಮೋಸ ಮಾಡಿದ್ದ ಗೊತ್ತಾತಂದ್ರ, ಈ ಮನ್ಯಾಗಿನ ಹೆಣ್ಣಮಕ್ಕಳು ಮುಂದ ಯಾರೂ ಪುಸ್ತಕ ಮುಟ್ಟಂಗಿಲ್ಲ.”

ಹೆಣ್ಣುಮಕ್ಕಳು ಎಂದರೆ ಅತ್ತಿಯ ನಂತರ ಉಳಿದವಳು ನಾನೊಬ್ಬಳೇ. ಆಗ ನನಗೆ ಹನ್ನೊಂದು ವರ್ಷ.

ಸರ್ ಕೊಟ್ಟ ಚೀಟಿಯಲ್ಲಿ 1036157 ಎಂದಿತ್ತು. ಹತ್ತು ಲಕ್ಷ ಮೂವತ್ತಾರು ಸಾವಿರದ ನೂರಾ ಐವತ್ತೇಳು. ಅತ್ತಿ ಅದನ್ನು ನೋಡಿದ ರೀತಿ, ಬೇರೆ ಹುಡುಗಿಯರು ಸೀರೆಯ ಅಂಚು ನೋಡುವ ರೀತಿ. ಅಂಕಿಗಳನ್ನು ಕೂಡಿದರೆ ಇಪ್ಪತ್ತುಮೂರು, ಹಾಗಾಗಿ ಮೂರಕ್ಕೆ ಸಿಗುವುದಿಲ್ಲ. ಎರಡು ಮೂರು ಬಿಟ್ಟರೆ ಮುರಿಯದ ಸಂಖ್ಯೆಗಳೆಲ್ಲ ಆರರ ಮಗ್ಗಿಯ ಅಕ್ಕಪಕ್ಕದ ಮನೆಗಳಲ್ಲೇ ವಾಸ. ಇದೂ ಅಂಥ ಮನೆಯಲ್ಲೇ ಇತ್ತು. ಆದರೆ ಅಲ್ಲಿರುವವರೆಲ್ಲ ಸಾಚಾ ಅಲ್ಲ, ಇಪ್ಪತ್ತೈದೂ ಅಲ್ಲೇ ಇದೆ, ಮೂವತ್ತೈದೂ ಅಲ್ಲೇ ಇದೆ, ಆದ್ದರಿಂದ ಮುಖ ನೋಡಿ ನಂಬಬಾರದು ಎಂದಳು. ಸಾವಿರದ ಹದಿನೆಂಟರ ವರ್ಗ ನಮ್ಮ ಸಂಖ್ಯೆಯನ್ನು ದಾಟುತ್ತಿತ್ತು. ಹಾಗಾಗಿ ಸಾವಿರದ ಹದಿನೆಂಟರೊಳಗಿನ ಮುರಿಯದ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಹಳೆಯ ಕ್ಯಾಲೆಂಡರುಗಳ ಬೆನ್ನಿನ ಮೇಲೆ ಎಲ್ಲ ಅಂಕಿ ಬರೆದು, ಎರಡರ ಮಗ್ಗಿ, ಮೂರರ ಮಗ್ಗಿ, ಐದರ ಮಗ್ಗಿ ಎಂದು ಹೊಡೆದು ಹಾಕುತ್ತ ಹೋದಾಗ ನೂರಾ ಎಪ್ಪತ್ತು ಉಳಿದವು. ಹಾಳೆಗೆ ಹತ್ತರಂತೆ ಹದಿನೇಳು ಹಾಳೆ. ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆ ಕಿತ್ತು, ಮೂಲೆಗೆ ತೂತು ಮಾಡಿ, ದಾರ ಪೋಣಿಸಿ ಗಂಟು ಹಾಕಿದಳು. ಭಾಗಾಕಾರವೆಲ್ಲ ಬಳಪದಿಂದ ಪಾಟಿಯ ಮೇಲೆ. ಮಾಡಿದ್ದನ್ನು ತಿರುಗಿ ಗುಣಿಸಿ ತಾಳೆ ನೋಡಿ, ಶೇಷವನ್ನು ಮಾತ್ರ ಹಾಳೆಗೆ ಬರೆದು, ಪಾಟಿ ಒರೆಸಿಬಿಡುವುದು. ಕಾಗದ ಉಳಿಯಲಿ ಎಂದು ಮಾಡಿಕೊಂಡ ಏರ್ಪಾಟು ಅದು. ಒರೆಸಿದ ಪಾಟಿ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ರೊಟ್ಟಿ, ನೀರು, ಮುಸುರೆ, ಆಯಿಯ ಮೊಣಕಾಲಿಗೆ ಎಣ್ಣೆ, ಇಷ್ಟರ ನಡುವೆ ಅವಳೊಬ್ಬಳಿಂದ ಆಗುವಂತಿರಲಿಲ್ಲ. ಪ್ರತಿ ಮೂರನೆಯ ಹಾಳೆ ನನ್ನದೆಂದು ಹಂಚಿದಳು. ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು. ಮೊದಲ ನಾಲ್ಕನ್ನು ನಾನು ಪ್ರಾಮಾಣಿಕವಾಗಿಯೇ ಮಾಡಿದೆ, ಅದನ್ನಾದರೂ ಹೇಳಿಕೊಳ್ಳುತ್ತೇನೆ. ಹದಿನೈದನೆಯದಕ್ಕೆ ಕೂತದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಅವತ್ತು ನಮ್ಮ ಕಡೆ ಮಕ್ಕಳೆಲ್ಲ ಕರಿಮಣ್ಣು ತಂದು ಎತ್ತು ಮಾಡುತ್ತಾರೆ. 811ಕ್ಕೆ ಭಾಗಿಸಿದೆ, 510 ಉಳಿಯಿತು. 821ಕ್ಕೆ ಭಾಗಿಸಿದೆ, 55 ಉಳಿಯಿತು. ಮೂರನೆಯದು 823. ಪಾಟಿ ಒರೆಸಿ ಬಳಪ ಎತ್ತಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಗಂಗಿ ಬುಟ್ಟಿ ತುಂಬ ಮಣ್ಣು ಹೊತ್ತು ಹಿತ್ತಲ ಬಾಗಿಲಿಗೆ ಬಂದಳು. ಈಗ ಬಂದೆ ಎಂದು ಹೋದೆ. ಒಂದು ಎತ್ತು ಮುಗಿಸಿ ಕೈಯಲ್ಲಿ ಮಣ್ಣಿರುವಾಗಲೇ ಕೋಣೆಗೆ ಬಂದವಳಿಗೆ ಮತ್ತೆ ಕೂರುವ ಮನಸ್ಸಾಗಲಿಲ್ಲ. ಜೋಡಿ ಎತ್ತು ಇನ್ನೂ ಆಗಬೇಕಿತ್ತು. ಉಳಿದ ಎಂಟು ಸಂಖ್ಯೆಗಳ ಮುಂದೆ ಮನಸ್ಸಿಗೆ ಬಂದ ಶೇಷ ಬರೆದೆ. 823ರ ಮುಂದೆ 214. ಶೇಷ ಭಾಜಕಕ್ಕಿಂತ ಸಣ್ಣದಿರಬೇಕು ಎಂಬ ಎಚ್ಚರ ಮಾತ್ರ ತಪ್ಪಲಿಲ್ಲ. ಅಷ್ಟು ಜಾಣತನ ನನಗಿತ್ತು. ನೂರಾ ಎಪ್ಪತ್ತರಲ್ಲಿ ಎಂಟು ಹೋದರೆ ಯಾವ ಗಂಟು ಹೋಗುತ್ತದೆ ಎಂದುಕೊಂಡೆ. ಹಾಳೆಯ ಮೂಲೆಯಲ್ಲಿ ಹೆಬ್ಬೆರಳಿನ ಮಣ್ಣು ಮೆತ್ತಿತ್ತು. ಸಂಜೆ ಅದನ್ನು ನೋಡಿ ಅತ್ತಿ, ಈ ಹಾಳೆಯ ಲೆಕ್ಕ ಎತ್ತುಗಳು ಮಾಡಿದಂತಿದೆ ಎಂದು ನಕ್ಕಳೇ ಹೊರತು ಒಂದನ್ನೂ ತಾಳೆ ನೋಡಲಿಲ್ಲ. ನನ್ನನ್ನು ನಂಬಿದ್ದಳು.

ಮುಂದಿನ ರವಿವಾರ ಮಧ್ಯಾಹ್ನ ಸರ್ ಬಂದರು. ಪಡಸಾಲೆಯಲ್ಲಿ ಅಪ್ಪ, ಸರ್, ಗೋಡೆಗೊರಗಿ ಆಯಿ. ಬಾಗಿಲ ಬಳಿ ಅವ್ವ ಮತ್ತು ನಾನು. ಅಪ್ಪ ಸಹಿ ಹಾಕುವ ಪೆನ್ನನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡೇ ಕೂತಿದ್ದ. ಅತ್ತಿ ಸೆರಗು ಸರಿಮಾಡಿಕೊಂಡು, ಇದು ಮುರಿಯುವುದಿಲ್ಲ ಸರ್ ಎಂದಳು. ಅವರ ಮುಖ ಇಳಿದುಹೋಯಿತು. ಕಿಸೆಯಿಂದ ಚೀಟಿ ತೆಗೆದು, ಅದನ್ನು ಹೇಳಲು ತಮಗೇ ಇಷ್ಟವಿಲ್ಲದವರಂತೆ ಹೇಳಿದರು.

“ಮುರೀತೈತಿ ತಂಗಿ. ಎಂಟನೂರಾ ಇಪ್ಪತ್ತಮೂರು ಸಾಲು, ಒಂದೊಂದರಾಗ ಸಾವಿರದ ಎರಡನೂರಾ ಐವತ್ತೊಂಬತ್ತು. ಎರಡೂ ಮುರೀಲಾರದವು. ಅವನ್ನ ಗುಣಿಸಿ ನಾನಽ ಮಾಡಿದ್ದೆ. ಅದಕ್ಕ ಅದರೊಳಗ ಹೋಗಾಕ ಅದೊಂದಽ ಬಾಗಿಲಾ ಇತ್ತು.”

823 ಎಂದು ಕೇಳಿದ ಕೂಡಲೆ ನಾನು ಅವ್ವನ ಬೆನ್ನ ಹಿಂದೆ ಸರಿದೆ. ಅತ್ತಿ ಒಮ್ಮೆ ನನ್ನ ಕಡೆ ನೋಡಿದಳು. ಅಪ್ಪನೂ ನೋಡಿದ. ನಾನು ಪಾಟಿ ಹಿಡಿದು ಕೂರುತ್ತಿದ್ದದ್ದನ್ನು ಅವನು ಕಂಡಿದ್ದ.

“ತಪ್ಪಾದ್ರ ತಪ್ಪು, ಅದಕ್ಕೇನ ಮಾಡಾಕ ಬರತೈತಿ. ಆದ್ರ ಈ ಹುಡಿಗಿ ಸುಳ್ಳ ಬರದಿದ್ಲಂದ್ರ, ಇಕಿ ಸಾಲಿ ಇವತ್ತಿಗೆ ಮುಗೀತು. ತಗೊಂಡ ಬಾ ಆ ಹಾಳಿ.”

ಅತ್ತಿ ಒಳಗೆ ಹೋದಳು. ಬರುವುದು ಸ್ವಲ್ಪ ತಡವಾಯಿತು. ಎಲ್ಲಿಟ್ಟಿದ್ದೇನೋ ಎಂಬ ಅವಳ ಗೊಣಗಾಟ ಕಾಳಿನ ಕೋಣೆಯಿಂದ ಕೇಳಿಸುತ್ತಿತ್ತು. ಹಾಳೆಗಳ ಕಟ್ಟನ್ನು ತಂದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಒಂದೊಂದಾಗಿ ತಿರುವಿ 823 ಇದ್ದ ಹದಿನೈದನೆಯದಕ್ಕೆ ಬಂದು ನಿಂತ. ನಾನು ಕತ್ತು ಚಾಚಿದೆ. ಮಣ್ಣಿನ ಗುರುತಿರಲಿಲ್ಲ. ನನ್ನ ಡೊಂಕು ಅಂಕಿಗಳಿರಲಿಲ್ಲ. ಅತ್ತಿಯ ಮುತ್ತಿನಂಥ ಅಕ್ಷರ ಮೇಲಿನಿಂದ ಕೆಳಗಿನವರೆಗೂ ಇತ್ತು. ಮಣ್ಣಾಗಿದೆ ಎಂದು ಅವಳು ಆ ಹಾಳೆಯನ್ನು ಎಂದೋ ಹೊಸದಾಗಿ ತಾನೇ ಭಾಗಿಸಿ ಮಾಡಿದ್ದಾಳೆ, ಎಡವಿದ್ದೂ ಅವಳೇ ಎಂದುಕೊಂಡೆ. ಸಂಖ್ಯೆಗಳ ಮುಂದೆ ಬರೆದ ಶೇಷಗಳನ್ನು ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ನೋಡಲಿಲ್ಲವೋ, ನೋಡುವುದು ಬೇಡವೆಂದು ಬಿಟ್ಟೆನೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಜೀವ ಬಂದಂತಾಗಿ, ಯಾರೂ ಕೇಳದಿದ್ದರೂ ಬಾಯಿಬಿಟ್ಟೆ.

“ಅದು ಅತ್ತಿ ಮಾಡಿದ್ದು ಅಪ್ಪಾ. ತಪ್ಪು ಅಕಿದು. ನಂದಲ್ಲ.”

ಅತ್ತಿ ತಲೆ ತಗ್ಗಿಸಿ ಹೌದು ಎಂದಳು. ನೂರಾ ಎಪ್ಪತ್ತರಲ್ಲಿ ಒಂದು ತಪ್ಪು, ಅದನ್ನೇನು ಹಿಡಿಯುತ್ತೀರಿ ಎಂದು ಸರ್ ಕೇಳಿಕೊಂಡರು. ಮಾತೆಂದರೆ ಮಾತು ಎಂದ ಅಪ್ಪ. ಪೆನ್ನು ಕಿಸೆಯಲ್ಲೇ ಉಳಿಯಿತು. ದೀಪಾವಳಿಯ ನಂತರ ಅತ್ತಿ ಯರಗಟ್ಟಿಗೆ ಹೋದಳು. ಆಮೇಲೆ ನಮ್ಮ ಮನೆಯಲ್ಲಿ ರೊಟ್ಟಿ ಎಣಿಸುವವರಿರಲಿಲ್ಲ. ಮೊದಮೊದಲು ಅವ್ವನಿಗೂ ಅದು ಬಿಕೋ ಅನ್ನಿಸಿ, ಎಷ್ಟಾದವು ನೋಡು ಎಂದು ನನಗೆ ಹೇಳುತ್ತಿದ್ದಳು. ನಾನು ಎಣಿಸದೆಯೇ ಒಂದು ಸಂಖ್ಯೆ ಹೇಳಿಬಿಡುತ್ತಿದ್ದೆ.

ನಾನು ಮಾತ್ರ ಓದಿದೆ. ಹೈಸ್ಕೂಲು, ಕಾಲೇಜು, ಬಿಎಡ್ಡು. ಅಪ್ಪ ಒಂದು ಹಂತದಲ್ಲೂ ಅಡ್ಡ ಬರಲಿಲ್ಲ. ರಾಮದುರ್ಗದ ಶಾಲೆಯೊಂದರಲ್ಲಿ ಗಣಿತ ಕಲಿಸಲು ಸೇರಿದೆ. ನಾಚಿಕೆಯಾದರೂ ಇದನ್ನು ಬರೆಯಬೇಕು: ಅವಿಭಾಜ್ಯ ಸಂಖ್ಯೆಯ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಅತ್ತಿಯ ಕಥೆ ಹೇಳುತ್ತಿದ್ದೆ. ಬೋರ್ಡಿನ ಮೇಲೆ 1036157 ಎಂದು ಬರೆದು, ಇಷ್ಟು ಜಾಣೆಯಾದ ನಮ್ಮ ಅತ್ತಿ ಒಂದೇ ಒಂದು ಭಾಗಾಕಾರದಲ್ಲಿ ಮೈಮರೆತು ಕಾಲೇಜು ಕಳೆದುಕೊಂಡಳು, ನೀವು ಹಾಗೆ ಮಾಡಬೇಡಿ ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನನ್ನ ಎಂಟು ಸುಳ್ಳುಗಳು ಯಾರ ಕೂದಲನ್ನೂ ಕೊಂಕಿಸಲಿಲ್ಲ ಎಂಬ ಸಮಾಧಾನದ ಮೇಲೆ ನಾನು ಅಷ್ಟು ವರ್ಷ ಹಾಯಾಗಿ ನಿದ್ದೆ ಮಾಡಿದ್ದೆ.

ಅಪ್ಪ ತೀರಿಕೊಂಡ ಮರುವರ್ಷ, ರಾಮದುರ್ಗದಿಂದ ಊರಿಗೆ ಹೋಗುವಾಗ ಯರಗಟ್ಟಿಯಲ್ಲಿ ಬಸ್ಸಿಳಿದು ಅತ್ತಿಯ ಮನೆಗೆ ಹೋದೆ. ಅವಳ ಗಂಡನದು ಹಿಟ್ಟಿನ ಗಿರಣಿ, ಅವಳ ಹುಬ್ಬಿನ ಮೇಲೂ ಸಣ್ಣಗೆ ಹಿಟ್ಟಿತ್ತು. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಪಿಯುಸಿಯಲ್ಲಿದ್ದ ಮಗಳಿಗೆ ಆ ಹಳೆಯ ಹಾಳೆಗಳನ್ನು ತೋರಿಸಬೇಕಂತೆ. ಟ್ರಂಕಿನಲ್ಲಿವೆ, ತಾ ಎಂದು ನನ್ನನ್ನೇ ಕಳಿಸಿದಳು. ಸೀರೆಗಳ ಕೆಳಗೆ ಕಟ್ಟು ಸಿಕ್ಕಿತು. ಕಾಲು ಶತಮಾನವಾಗಿರಲಿಲ್ಲ, ಆಗಲೇ ಹಾಳೆಯ ಅಂಚು ಕಂದಿತ್ತು. ದಾರ ಹಿಡಿದು ಎತ್ತಿದಾಗ ನಾಲ್ಕು ಮಡಿಕೆಯ ಒಂದು ಬಿಡಿ ಹಾಳೆ ಕೆಳಗೆ ಬಿತ್ತು. ಬಿಚ್ಚಿದೆ. ಮೂಲೆಯಲ್ಲಿ ಮಗುವಿನ ಹೆಬ್ಬೆರಳಿನಷ್ಟು ಒಣಗಿದ ಕರಿಮಣ್ಣು. ಡೊಂಕು ಅಂಕಿಗಳು. 823ರ ಮುಂದೆ 214. ಕಟ್ಟಿನಲ್ಲಿದ್ದ ಹದಿನೈದನೆಯ ಹಾಳೆ ತೆಗೆದು ಪಕ್ಕದಲ್ಲಿಟ್ಟೆ. ಅತ್ತಿಯ ಮುತ್ತಿನಂಥ ಅಕ್ಷರದಲ್ಲಿ, ಅದೇ 214. ನನ್ನ ಎಂಟು ಸುಳ್ಳುಗಳೂ ಒಂದೂ ಬದಲಾಗದೆ ಅಲ್ಲಿದ್ದವು. ಆ ರವಿವಾರ ಒಳಗೆ ಹೋದವಳಿಗೆ ತಡವಾದದ್ದು ಯಾಕೆಂದು ಆಗ ತಿಳಿಯಿತು. ದಾರದ ಗಂಟು ಬಿಚ್ಚಿ, ನನ್ನ ಹಾಳೆ ತೆಗೆದು, ಹೊಸ ಹಾಳೆಗೆ ನಕಲು ಮಾಡಿ, ಮತ್ತೆ ಗಂಟು ಹಾಕಿದ್ದಳು.

ಎರಡು ಹಾಳೆಗಳನ್ನೂ ಹಿಡಿದು ಕಟ್ಟೆಗೆ ಬಂದೆ. ಅವಳು ನೋಡಿ ಸುಲಿಯುವ ಕೈ ನಿಲ್ಲಿಸಿದಳು. ನಾನು ಏನು ಕೇಳಿದೆನೋ ನೆನಪಿಲ್ಲ, ಕೇಳಿದ್ದು ಪೂರ್ತಿಯಾಗಲೂ ಇಲ್ಲ.

“ನಿಮ್ಮಪ್ಪ ಮಾತ ತಪ್ಪಾಂವ ಅಲ್ಲ. ನನಗ ಸಹಿ ಮಾಡತೇನಿ ಅಂದದ್ದೂ ಖರೇನ, ನಿನ್ನ ಸಾಲಿ ಬಿಡಸತೇನಿ ಅಂದದ್ದೂ ಖರೇನ. ನಂದಂತೂ ಹೋಗಿತ್ತು. ಅದರ ಬೆನ್ನ ಹತ್ತಿ ನಿಂದೂ ಯಾಕ ಹೋಗಬೇಕು?”

ಎಲ್ಲರ ಮುಂದೆ ತಪ್ಪು ನಿನ್ನದು ಅಂದುಬಿಟ್ಟೆನಲ್ಲ ಅತ್ತಿ, ಎಂದೆ. ಅಳು ಬಂದಿತ್ತು. ಅವಳು ಅದನ್ನು ತಳ್ಳಿಹಾಕುತ್ತಾಳೆ ಎಂದು ಒಳಗೊಳಗೆ ಕಾದಿದ್ದೆ, ತಳ್ಳಿಹಾಕಲಿಲ್ಲ.

“ಅಂದಿ. ನೀ ಹಂಗ ಅಂದದ್ದಕ್ಕಽ ಅಣ್ಣ ನಂಬಿದ. ಆದ್ರ ಆ ಮಾತು ಕಿವ್ಯಾಗ ಭಾಳ ದಿವಸ ಉಳೀತು ಸುಮಿ.”

ಹಾಗಾದರೆ ಇದನ್ನು ಒಲೆಗೆ ಹಾಕದೆ ಯಾಕೆ ಇಟ್ಟುಕೊಂಡೆ ಎಂದು ಕೇಳಿದೆ. ನನಗೆ ಎಂದಾದರೂ ತೋರಿಸಿ ಹಂಗಿಸಲೆಂದು ಇಟ್ಟಿದ್ದೆ ಎಂದಿದ್ದರೂ ಆ ಹೊತ್ತು ಮನಸ್ಸು ಹಗುರಾಗುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು, ನನ್ನ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿ, ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು. ಕಾಳಿನ ಕೋಣೆಯ ಆ ಹಳೆಯ ಹಬ್ಬದ ಮುಖ ಒಂದು ಕ್ಷಣ ಬಂದು ಹೋಯಿತು.

“ಎಂಟನೂರಾ ಹನ್ನೊಂದಕ್ಕ ಐನೂರಾ ಹತ್ತು. ಎಂಟನೂರಾ ಇಪ್ಪತ್ತೊಂದಕ್ಕ ಐವತ್ತೈದು. ಎರಡೂ ಬರೋಬ್ಬರಿ ಅದಾವ ನೋಡ. ಹನ್ನೊಂದ ವರ್ಷದ ಹುಡಿಗಿ ಇಷ್ಟ ಚಂದ ಮಾಡಿದ್ದನ್ನ ಒಲೀಗೆ ಹೆಂಗ ಹಾಕಲಿ?”

ಬೆರಳು ಮೂರನೆಯ ಸಾಲಿಗೆ ಇಳಿದು ಅಲ್ಲೇ ನಿಂತಿತು. ಬೈಯುವ ದನಿಯಲ್ಲ, ಬೇಡಿಕೊಳ್ಳುವ ದನಿ. ಈಗಲೂ ನಾನು ಹೋಗಿ ಪಾಟಿ ತಂದು ಮಾಡಿಬಿಡಬಹುದೇನೋ ಎಂಬಂತೆ ಹೇಳಿದಳು.

“ಇನ್ನೊಂದ ಮಾಡಿದ್ದಿ ಅಂದ್ರ ಸಾಕಾಗ್ತಿತ್ತವಾ.”